ತಣ್ಣನೆಯ ಗಾಳಿಯ ತೂಕ

ಹೊಸೂರಿನಿಂದ ರಾಯಕೋಟೆಗೆ ಹೋಗುವ ದಾರಿಯಲ್ಲಿ ಉದ್ದನಪಲ್ಲಿ ಸಿಗುತ್ತದೆ. ಟೊಮೆಟೊ, ಎಲೆಕೋಸು, ರಾಗಿ, ಹುರುಳಿ ಬೆಳೆಯುವ ಸೀಮೆ. ಹೊಲಗಳ ನಡುನಡುವೆ ಹೂ ಬೆಳೆಯುವ ಪಾಲಿಹೌಸುಗಳು. ಒಂದೇ ಚಹಾ ಅಂಗಡಿಯ ಮುಂದೆ ಕನ್ನಡ, ತೆಲುಗು, ತಮಿಳು ಮೂರೂ ಕಿವಿಗೆ ಬೀಳುತ್ತವೆ. ಏಪ್ರಿಲ್ ಕೊನೆಯಲ್ಲಿ ಇಲ್ಲಿಯ ಮಧ್ಯಾಹ್ನಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಇರುತ್ತವೆ. ಮೂರೂವರೆಯ ಹೊತ್ತಿಗೆ ಎಲೆ ಅಲುಗುವುದಿಲ್ಲ. ಪಡುವಣದಲ್ಲಿ, ಡೆಂಕಣಿಕೋಟೆಯ ಕಾಡಿನ ಮೇಲೆ, ಮೋಡ ಹೂಕೋಸಿನ ಹಾಗೆ ಗಂಟುಗಂಟಾಗಿ ಏಳುತ್ತದೆ. ಅದರ ಬುಡ ಕಪ್ಪಾಗುತ್ತದೆ. ಒಂದೆರಡು ಸಲ ಗುಡುಗು. ಆಮೇಲೆ ಇದ್ದಕ್ಕಿದ್ದಂತೆ ಗಾಳಿ.

ಅಂಗಳದಲ್ಲಿ ಹುಣಸೆಹಣ್ಣು ಬಿಡಿಸುತ್ತ ಕೂತ ಅಜ್ಜಿ ತಲೆ ಎತ್ತುವುದು ಆಗಲೇ. ಮೋಡ ಕಂಡಾಗಲೂ ಅಲ್ಲ, ಗುಡುಗು ಕೇಳಿದಾಗಲೂ ಅಲ್ಲ. "ಗಾಳಿ ತಣ್ಣಗಾಯ್ತು ಮಗಾ, ಟಾರ್ಪಾಲು ಎಳಿ" ಅನ್ನುತ್ತಾಳೆ. ಮಳೆ ಬೀಳುವುದು ಇನ್ನೂ ಹತ್ತು ಹದಿನೈದು ನಿಮಿಷದ ಮೇಲೆ. ಅಷ್ಟರೊಳಗೆ ಹುಣಸೆಹಣ್ಣು ಒಳಗೆ ಬಂದಿರುತ್ತದೆ, ಪಾಲಿಹೌಸಿನ ಪಕ್ಕದ ಪರದೆ ಇಳಿದಿರುತ್ತದೆ, ಟೊಮೆಟೊ ಕ್ರೇಟುಗಳು ಸೂರಿನ ಕೆಳಗೆ ಸೇರಿರುತ್ತವೆ.

ಅಜ್ಜಿಯ ಕೆನ್ನೆ ಒಂದೇ ತಾಕಿಗೆ ಎರಡು ವಿಷಯ ತಿಳಿದುಕೊಂಡಿತು: ಗಾಳಿ ಯಾವ ದಿಕ್ಕಿನಿಂದ ಎಷ್ಟು ರಭಸದಲ್ಲಿ ಬರುತ್ತಿದೆ, ಅದು ಎಷ್ಟು ತಣ್ಣಗಿದೆ. ಹವಾಮಾನ ರಾಡಾರಿಗೆ ಈ ಎರಡರಲ್ಲಿ ಮೊದಲನೆಯದು ಅರ್ಧಂಬರ್ಧ ತಿಳಿಯುತ್ತದೆ, ಎರಡನೆಯದು ತಿಳಿಯುವುದೇ ಇಲ್ಲ. ಆದರೂ ಅದು ಬರೆದಿಟ್ಟ ಅಂಕಿಗಳಿಂದ ಆಕಾಶದ ಪೂರ್ತಿ ಗಾಳಿಯನ್ನೂ ಉಷ್ಣತೆಯನ್ನೂ ಹೊರತೆಗೆಯಬಹುದು. ಹೇಗೆ ಎಂಬುದೇ ಈ ಅಧ್ಯಾಯ.

ಮೊದಲು ಆ ತಂಪು ಎಲ್ಲಿಂದ ಬಂತು ಎಂದು ನೋಡೋಣ. ಮೋಡದಿಂದ ಹೊರಟ ಹನಿಗಳೆಲ್ಲ ನೆಲ ಮುಟ್ಟುವುದಿಲ್ಲ. ಬೇಸಿಗೆಯ ಒಣ ಗಾಳಿಯಲ್ಲಿ ಬೀಳುತ್ತ ಬೀಳುತ್ತಲೇ ಎಷ್ಟೋ ಹನಿಗಳು ಆವಿಯಾಗುತ್ತವೆ. ನೀರು ಆವಿಯಾಗಲು ಶಾಖ ಬೇಕು. ಆ ಶಾಖವನ್ನು ಅದು ಸುತ್ತಲಿನ ಗಾಳಿಯಿಂದಲೇ ಕಿತ್ತುಕೊಳ್ಳುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಇದೇ ಕಾರಣಕ್ಕೆ. ಲೆಕ್ಕ ನೇರವಾಗಿದೆ: ಒಂದು ಕಿಲೋ ಗಾಳಿಯಲ್ಲಿ ಒಂದು ಗ್ರಾಂ ನೀರು ಆವಿಯಾದರೆ ಆ ಗಾಳಿ ಸುಮಾರು 2.5 ಡಿಗ್ರಿ ತಣಿಯುತ್ತದೆ. ಎರಡು ಗ್ರಾಂ ಆವಿಯಾದರೆ ಐದು ಡಿಗ್ರಿ.

ತಣಿದ ಗಾಳಿ ಭಾರ. ಅದು ಕೆಳಗಿಳಿಯುತ್ತದೆ, ನೆಲಕ್ಕೆ ಬಡಿದು ನಾಲ್ಕೂ ಕಡೆಗೆ ಹರಡುತ್ತದೆ, ಜಗುಲಿಯ ಮೇಲೆ ಬಿಂದಿಗೆ ನೀರು ಸುರಿದ ಹಾಗೆ. ಎಷ್ಟು ವೇಗವಾಗಿ ಹರಡುತ್ತದೆ ಎಂಬುದನ್ನು ನಿರ್ಧರಿಸುವುದು ಎರಡು ಸಂಗತಿಗಳು: ಆ ತಂಪಿನ ಪದರ ಎಷ್ಟು ದಪ್ಪ, ಸುತ್ತಲಿನ ಗಾಳಿಗಿಂತ ಎಷ್ಟು ತಂಪು. ಪದರ ಒಂದು ಕಿ.ಮೀ. ದಪ್ಪವಿದ್ದು ಐದು ಡಿಗ್ರಿ ತಂಪಾಗಿದ್ದರೆ ಅದರ ಅಂಚು ಸೆಕೆಂಡಿಗೆ 12–13 ಮೀಟರ್, ಅಂದರೆ ಗಂಟೆಗೆ ಸುಮಾರು 45 ಕಿ.ಮೀ. ವೇಗದಲ್ಲಿ ಓಡುತ್ತದೆ. ಅಂಗಳದ ಧೂಳೆಬ್ಬಿಸಿದ ಗಾಳಿ ಅದೇ.

ಈ ಅಧ್ಯಾಯದ ಕೀಲಿ ಇಲ್ಲಿದೆ. ಉಷ್ಣತೆ ಗೊತ್ತಿದ್ದರೆ ಗಾಳಿಯ ವೇಗ ತಿಳಿಯುತ್ತದೆ. ಹಾಗಾದರೆ ಗಾಳಿಯ ವೇಗ ಗೊತ್ತಿದ್ದರೆ ಉಷ್ಣತೆ ತಿಳಿಯಬಾರದೇಕೆ? ಗಾಳಿ ಸುಮ್ಮನೆ ಓಡುವುದಿಲ್ಲ, ಅದನ್ನು ಏನೋ ನೂಕಿರಬೇಕು. ಆ ನೂಕಿನ ಹಿಂದೆ ಗಾಳಿಯ ತೂಕವಿದೆ, ತೂಕದ ಹಿಂದೆ ಉಷ್ಣತೆಯಿದೆ.

ಇನ್ನು ರಾಡಾರ್ ಅಳೆಯುವುದೇನು ಎಂದು ನೋಡೋಣ. ರಾಯಕೋಟೆ ಮಂಡಿಗೆ ಟೊಮೆಟೊ ಹೊತ್ತ ಲಾರಿ ಹಾರ್ನ್ ಒತ್ತಿಹಿಡಿದೇ ನಿಮ್ಮ ಮುಂದೆ ಹಾದುಹೋದರೆ, ದನಿ ಸಟ್ಟನೆ ಇಳಿದಂತೆ ಕೇಳಿಸುತ್ತದೆ. ಗಂಟೆಗೆ 60 ಕಿ.ಮೀ. ವೇಗದ ಲಾರಿಯಾದರೆ ಬರುವಾಗಿನ ದನಿಗೂ ಹೋಗುವಾಗಿನ ದನಿಗೂ ನೂರಕ್ಕೆ ಹತ್ತರಷ್ಟು ಅಂತರ. ಆಸ್ಟ್ರಿಯಾದ ಕ್ರಿಸ್ಟಿಯಾನ್ ಡಾಪ್ಲರ್ 1842ರಲ್ಲಿ ಹೇಳಿದ್ದು ಇದನ್ನೇ. ರಾಡಾರ್ ಕಳಿಸುವುದು ದನಿಯನ್ನಲ್ಲ, ಸುಮಾರು 10 ಸೆಂ.ಮೀ. ಉದ್ದದ ರೇಡಿಯೋ ಅಲೆಯನ್ನು. ಅದು ಮಳೆಹನಿಗೆ ಬಡಿದು ಮರಳುತ್ತದೆ. ಹನಿ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ನಮ್ಮತ್ತ ಬರುತ್ತಿದ್ದರೆ ಅಲೆಯ ಕಂಪನ 200 ಹರ್ಟ್ಸ್ ಏರುತ್ತದೆ. ಆದರೆ ಮೂಲ ಕಂಪನವೇ 300 ಕೋಟಿ ಹರ್ಟ್ಸ್! ಒಂದೂವರೆ ಕೋಟಿಯಲ್ಲಿ ಒಂದು ಪಾಲಿನ ವ್ಯತ್ಯಾಸ.

ಇಷ್ಟು ಸಣ್ಣದನ್ನು ಹಿಡಿಯಲು ರಾಡಾರ್ ಒಂದು ಜಾಣ ದಾರಿ ಕಂಡುಕೊಂಡಿದೆ. ಅದು ಸೆಕೆಂಡಿಗೆ ಆರುನೂರು ಸಲ ಅಲೆಯ ತುಣುಕುಗಳನ್ನು ಬಿಡುತ್ತದೆ ಅನ್ನಿ. ಎರಡು ತುಣುಕುಗಳ ನಡುವಿನ ಬಿಡುವಿನಲ್ಲಿ ಆ ಹನಿ 1.7 ಸೆಂ.ಮೀ. ಸರಿದಿರುತ್ತದೆ. ಅಲೆ ಹೋಗಿಬರುವ ದಾರಿ ಅದರ ಎರಡರಷ್ಟು, 3.3 ಸೆಂ.ಮೀ. ಮೊಟಕಾಗಿರುತ್ತದೆ. ಹತ್ತು ಸೆಂ.ಮೀ. ಅಲೆಯಲ್ಲಿ ಇದು ಮೂರನೇ ಒಂದು ಭಾಗ. ಮರಳಿದ ಅಲೆಯ ಏರಿಳಿತ ಎಷ್ಟು ಮುಂದೆ ಸರಿದಿದೆ ಎಂದು ನೋಡಿದರೆ ವೇಗ ಕೈಗೆ ಸಿಕ್ಕಿತು. ತೊಡಕೊಂದಿದೆ: ಹನಿ ಆ ಬಿಡುವಿನಲ್ಲಿ 2.5 ಸೆಂ.ಮೀ.ಗಿಂತ ಹೆಚ್ಚು ಸರಿದರೆ, ಅದು ಹತ್ತಿರ ಬಂತೋ ದೂರ ಹೋಯಿತೋ ಎಂಬ ಗೊಂದಲ ಹುಟ್ಟುತ್ತದೆ. ಅಂದರೆ ಸೆಕೆಂಡಿಗೆ 15 ಮೀಟರ್‌ವರೆಗೆ ಮಾತ್ರ ನಂಬಿಕೆ. ತುಣುಕುಗಳನ್ನು ಬೇಗಬೇಗ ಬಿಟ್ಟರೆ ಈ ಮಿತಿ ಏರುತ್ತದೆ, ಆದರೆ ನೋಟದ ದೂರ ಕುಗ್ಗುತ್ತದೆ. 600 ತುಣುಕಿಗೆ 250 ಕಿ.ಮೀ., ಸಾವಿರ ತುಣುಕಿಗೆ 150 ಕಿ.ಮೀ. ಎರಡನ್ನೂ ಒಟ್ಟಿಗೆ ಹಿಗ್ಗಿಸಲು ಬರುವುದಿಲ್ಲ.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದು. ರಾಡಾರ್ ತಿಳಿಯುವುದು ಹತ್ತಿರಕ್ಕೆ ಬರುವುದನ್ನು, ದೂರ ಹೋಗುವುದನ್ನು ಮಾತ್ರ. ಅಡ್ಡಡ್ಡ ಹೋದದ್ದು ಅದಕ್ಕೆ ನಿಂತಂತೆಯೇ. ನಮ್ಮ ಊರನ್ನೇ ತೆಗೆದುಕೊಳ್ಳಿ. ಚೆನ್ನೈ ಬಂದರಿನ ಬಳಿಯ ರಾಡಾರಿಗೆ ಉದ್ದನಪಲ್ಲಿ ಹೆಚ್ಚುಕಡಿಮೆ ನೇರ ಪಶ್ಚಿಮಕ್ಕೆ ಬರುತ್ತದೆ. ಇಲ್ಲಿ ಪೂರ್ವ–ಪಶ್ಚಿಮದ ಗಾಳಿ ಬೀಸಿದರೆ ಅದಕ್ಕೆ ಚೆನ್ನಾಗಿ ಗೊತ್ತಾಗುತ್ತದೆ. ಉತ್ತರದಿಂದ ದಕ್ಷಿಣಕ್ಕೆ ಮರ ಮುರಿಯುವಂಥ ಗಾಳಿ ಬೀಸಿದರೂ ಅದರ ಪಟದಲ್ಲಿ ಸೊನ್ನೆಯ ಆಸುಪಾಸಿನ ಅಂಕಿ ಮೂಡುತ್ತದೆ.

ಅಷ್ಟೇ ಅಲ್ಲ, ಅದು ನೋಡುವ ಎತ್ತರವೂ ನಮ್ಮದಲ್ಲ. ಚೆನ್ನೈನಿಂದ ಉದ್ದನಪಲ್ಲಿ ಸುಮಾರು 260 ಕಿ.ಮೀ. ರಾಡಾರ್ ಕಿರಣವನ್ನು ನೆಲಕ್ಕೆ ಅರ್ಧ ಡಿಗ್ರಿ ಓರೆಯಲ್ಲಿ ಬಿಟ್ಟರೂ ಭೂಮಿ ಗುಂಡಗಿರುವುದರಿಂದ ಅದು ಹೋಗಹೋಗುತ್ತ ಮೇಲೇರುತ್ತದೆ. ನಮ್ಮ ತಲೆಯ ಮೇಲೆ ಬರುವಷ್ಟರಲ್ಲಿ ಕಿರಣದ ನಡುಭಾಗ ಸಮುದ್ರಮಟ್ಟದಿಂದ ಆರು ಕಿ.ಮೀ.ಗೂ ಎತ್ತರ, ಒಂದು ಡಿಗ್ರಿ ಅಗಲದ ಕಿರಣ ಹರಡಿ ನಾಲ್ಕೂವರೆ ಕಿ.ಮೀ. ದಪ್ಪವಾಗಿರುತ್ತದೆ. ಗುಡುಗುಮೋಡದ ತಲೆ ಕಾಣುತ್ತದೆ. ನೆಲಕ್ಕಂಟಿ ಒಂದು ಕಿ.ಮೀ. ದಪ್ಪದಲ್ಲಿ ಓಡುವ ತಣ್ಣನೆಯ ಗಾಳಿ ಪೂರ್ತಿಯಾಗಿ ಕಿರಣದ ಕೆಳಗೇ ಉಳಿಯುತ್ತದೆ.

ಇದು ಬರೀ ಬೇಸಿಗೆಯ ಗುಡುಗುಮಳೆಯ ಪ್ರಶ್ನೆಯಲ್ಲ. 2024ರ ನವೆಂಬರ್ 30ರಂದು ಪುದುಚೇರಿಯ ಹತ್ತಿರ ನೆಲ ಹತ್ತಿದ ಫೆಂಗಲ್ ಚಂಡಮಾರುತ ಒಳನಾಡಿಗೆ ಸರಿದಾಗ, ನಮ್ಮದೇ ಕೃಷ್ಣಗಿರಿ ಜಿಲ್ಲೆಯ ಊತ್ತಂಗರೈಯಲ್ಲಿ ಡಿಸೆಂಬರ್ 2ರ ಬೆಳಿಗ್ಗೆಗೆ ಮುಗಿದ 24 ಗಂಟೆಗಳಲ್ಲಿ ಸುಮಾರು 50 ಸೆಂ.ಮೀ. ಮಳೆ ಸುರಿಯಿತು. ನಿಂತ ವಾಹನಗಳು ಕೊಚ್ಚಿಹೋದವು. ಊತ್ತಂಗರೈ ಚೆನ್ನೈನಿಂದ ಸುಮಾರು 210 ಕಿ.ಮೀ.; ಅಲ್ಲಿಯೂ ಅರ್ಧ ಡಿಗ್ರಿಯ ಕಿರಣದ ನಡುಭಾಗ ನೆಲದಿಂದ ಸುಮಾರು ನಾಲ್ಕು ಕಿ.ಮೀ. ಮೇಲೆ ಹಾದುಹೋಗುತ್ತದೆ. ಕಡಲ ತೇವ ಹೊತ್ತ ಗಾಳಿ ಎಲ್ಲಿ ಬಂದು ಒಂದನ್ನೊಂದು ಒತ್ತಿ ಮೇಲೇರುತ್ತದೆ ಎಂಬುದು ತೀರ್ಮಾನವಾಗುವುದು ಅದಕ್ಕಿಂತ ಬಹಳ ಕೆಳಗೆ. ಒಳನಾಡಿನ ಜನರಿಗೆ ಹತ್ತಿರದ ರಾಡಾರ್ ಬೇಕು ಎಂದು ನಾನು ಹೇಳುವುದು ಈ ರೇಖಾಗಣಿತದ ಬಲದ ಮೇಲೆ.

ಒಂದೇ ದಿಕ್ಕಿನ ವೇಗದಿಂದ ಪೂರ್ತಿ ಗಾಳಿಯನ್ನು ಪಡೆಯುವ ಹಳೆಯ ಉಪಾಯ ತುಂಬ ಸೊಗಸಾದದ್ದು. ಕಿರಣವನ್ನು ಒಂದೇ ಓರೆಯಲ್ಲಿ ಸುತ್ತಲೂ ತಿರುಗಿಸಿ. ಗಾಳಿ ಎಲ್ಲ ಕಡೆಯೂ ಒಂದೇ ಸಮ ಬೀಸುತ್ತಿದ್ದರೆ, ಅದು ಬರುವ ದಿಕ್ಕಿನಲ್ಲಿ ವೇಗ ಅತಿ ಹೆಚ್ಚು ಹತ್ತಿರಕ್ಕೆ, ಹೋಗುವ ದಿಕ್ಕಿನಲ್ಲಿ ಅತಿ ಹೆಚ್ಚು ದೂರಕ್ಕೆ, ನಡುವೆ ಎರಡು ಕಡೆ ಸೊನ್ನೆ. ಒಂದು ಸುತ್ತಿನಲ್ಲಿ ಏರಿ ಇಳಿಯುವ ಆ ಗೆರೆಯೇ ಗಾಳಿಯ ದಿಕ್ಕು, ವೇಗ ಎರಡನ್ನೂ ಹೇಳಿಬಿಡುತ್ತದೆ. 1960ರ ದಶಕದಲ್ಲೇ ಇದು ಬಳಕೆಗೆ ಬಂತು. ಗುಡುಗುಮೋಡದ ಸುತ್ತ ಮಾತ್ರ ಇದು ನಡೆಯದು. ಅಲ್ಲಿ ಗಾಳಿ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ನಮಗೆ ಬೇಕಾದದ್ದೇ ಆ ಏರುಪೇರು.

ಎರಡು ರಾಡಾರುಗಳಿದ್ದರೆ? ಒಂದೇ ಗಾಳಿಯನ್ನು ಎರಡು ಕೋನಗಳಿಂದ ನೋಡಿ ಕೂಡಿಸಬಹುದು. ಊತ್ತಂಗರೈಯಲ್ಲಿ ನಿಂತು ಚೆನ್ನೈ ಕಡೆಗೊಂದು, ಕಾರೈಕಾಲ್ ರಾಡಾರ್ ಕಡೆಗೊಂದು ಗೆರೆ ಎಳೆದರೆ ನಡುವಿನ ಕೋನ ಸುಮಾರು 70 ಡಿಗ್ರಿ. ಕೋನ ಬಲು ಒಳ್ಳೆಯದು, ಲಂಬಕ್ಕೆ ಹತ್ತಿರ ಇದ್ದಷ್ಟೂ ಲೆಕ್ಕ ಗಟ್ಟಿ. ಆದರೆ ಎರಡೂ ಇನ್ನೂರು ಕಿ.ಮೀ.ಗಿಂತ ದೂರ, ಎರಡು ಕಿರಣಗಳೂ ಎತ್ತರ.

ಎರಡನೆಯ ಕಣ್ಣು ಇಲ್ಲದಿದ್ದರೆ ಏನು ಮಾಡಬೇಕು? ಇಲ್ಲಿಂದ ಮುಂದಿನ ಕತೆ ನನಗೆ ಬಹಳ ಪ್ರಿಯವಾದದ್ದು. ಟ್ಸ್ವಿ ಗಾಲ್-ಚೆನ್ ಎಂಬ ವಿಜ್ಞಾನಿ 1978ರಲ್ಲಿ ಒಂದು ಮಾತು ತೋರಿಸಿಕೊಟ್ಟರು. ರಾಡಾರ್ ಐದಾರು ನಿಮಿಷಕ್ಕೊಮ್ಮೆ ಇಡೀ ಆಕಾಶವನ್ನು ನೋಡುತ್ತದೆ. ಒಂದು ಜಾಗದಲ್ಲಿ ಈಗ ಗಾಳಿ ಹೀಗಿತ್ತು, ಐದು ನಿಮಿಷದ ಮೇಲೆ ಹಾಗಾಯಿತು. ಹಾಗೆ ಬದಲಾಗಬೇಕಾದರೆ ನೂಕು ಬಿದ್ದಿರಬೇಕು. ಅಡ್ಡಡ್ಡ ನೂಕುವುದು ಒತ್ತಡದ ವ್ಯತ್ಯಾಸ, ಆದ್ದರಿಂದ ಗಾಳಿಯ ಬದಲಾವಣೆಯಿಂದ ಒತ್ತಡ ಎಲ್ಲಿ ಹೆಚ್ಚು ಎಲ್ಲಿ ಕಡಿಮೆ ಎಂಬ ಪಟ ಸಿಗುತ್ತದೆ. ಮೇಲೆ ಕೆಳಗೆ ನೂಕುವುದರಲ್ಲಿ ಒತ್ತಡದ ಜೊತೆಗೆ ತೂಕವೂ ಸೇರಿದೆ. ಒತ್ತಡದ ಪಾಲು ಈಗ ಗೊತ್ತು, ಅದನ್ನು ಕಳೆಯಿರಿ. ಗಾಳಿ ಹೊತ್ತಿರುವ ಮಳೆಹನಿಗಳ ಭಾರವನ್ನೂ ಕಳೆಯಿರಿ; ಅದನ್ನು ರಾಡಾರಿನ ಮಾರ್ದನಿಯ ಬಲದಿಂದ ಅಂದಾಜಿಸಬಹುದು. ಉಳಿದದ್ದು ಗಾಳಿಯದೇ ಹಗುರ ಅಥವಾ ಭಾರ, ಅಂದರೆ ಬಿಸಿ ಅಥವಾ ತಂಪು. ಉಷ್ಣಮಾಪಕವನ್ನು ಆಕಾಶಕ್ಕೆ ಕಳಿಸದೆಯೇ ಉಷ್ಣತೆ ಬಂತು.

ಒಂದು ಎಳೆ ಮಾತ್ರ ಸಿಗದೆ ಉಳಿಯುತ್ತದೆ. ಊರಿನ ಹೊಲಗಳಲ್ಲಿ ಯಾವುದು ಯಾವುದಕ್ಕಿಂತ ಎಷ್ಟು ತಗ್ಗು ಎಂದು ಅಳೆದಿದ್ದೇವೆ, ಸಮುದ್ರಮಟ್ಟದಿಂದ ಎಷ್ಟು ಎತ್ತರ ಎಂದು ಗೊತ್ತಿಲ್ಲ ಎಂಬ ಸ್ಥಿತಿ ಇದು. ಒಂದೊಂದು ಎತ್ತರದಲ್ಲಿಯೂ ಇಲ್ಲಿ ಅಲ್ಲಿಗಿಂತ ಮೂರು ಡಿಗ್ರಿ ತಂಪು ಎನ್ನಬಹುದು, ಸರಾಸರಿ ಎಷ್ಟು ಎನ್ನಲಾಗದು. ಆ ಸರಾಸರಿಗೆ ಬಲೂನೇ ಬೇಕು. ಜಗತ್ತಿನ ಹವಾಮಾನ ಕೇಂದ್ರಗಳು ನಮ್ಮ ಗಡಿಯಾರದ ಬೆಳಿಗ್ಗೆ ಐದೂವರೆ, ಸಂಜೆ ಐದೂವರೆಯ ವೀಕ್ಷಣೆಗೆ ಹಾರಿಬಿಡುವ ಬಲೂನುಗಳು ಈ ಲೆಕ್ಕಕ್ಕೆ ಬುನಾದಿ.

ಗಾಲ್-ಚೆನ್ ದಾರಿಗೆ ಮೊದಲೇ ಪೂರ್ತಿ ಗಾಳಿ ಗೊತ್ತಿರಬೇಕಿತ್ತು. ಒಂದೇ ರಾಡಾರಿನಿಂದ ಎರಡನ್ನೂ ಒಟ್ಟಿಗೆ ಪಡೆಯುವ ದಾರಿಯನ್ನು 1991ರಲ್ಲಿ ಜುವಾನ್‌ಝೆನ್ ಸನ್, ಫ್ಲಿಕರ್ ಮತ್ತು ಡಗ್ಲಸ್ ಲಿಲ್ಲಿ ಪ್ರಕಟಿಸಿದರು. ಅವರು ಮೊದಲು ಕಂಪ್ಯೂಟರಿನಲ್ಲೇ ಒಂದು ವಾತಾವರಣವನ್ನು ಸೃಷ್ಟಿಸಿ, ರಾಡಾರ್ ಕಾಣುವಷ್ಟನ್ನು ಮಾತ್ರ ಅದರಿಂದ ಎತ್ತಿಕೊಂಡು, ಉಳಿದದ್ದನ್ನು ಮರಳಿ ಪಡೆಯಲಾಗುತ್ತದೆಯೇ ಎಂದು ನೋಡಿದರು.

ಮೃದಂಗದ ಶ್ರುತಿ ಸೇರಿಸುವುದನ್ನು ಹತ್ತಿರದಿಂದ ಕಂಡವರಿಗೆ ಈ ವಿಧಾನ ಸುಲಭವಾಗಿ ತಿಳಿಯುತ್ತದೆ. ವಿದ್ವಾಂಸರು ಒಂದು ಪೆಟ್ಟು ಹಾಕಿ, ತಂಬೂರಿಯ ದನಿಯ ಜೊತೆ ಹೋಲಿಸುತ್ತಾರೆ. ಸೇರಲಿಲ್ಲ. ಎಷ್ಟು ಕಡಿಮೆ, ಯಾವ ಬದಿಯಲ್ಲಿ ಎಂದು ಕಿವಿ ಹೇಳುತ್ತದೆ. ಅಲ್ಲಿಗೆ ಕಲ್ಲಿನಿಂದ ಮೆತ್ತಗೊಂದು ಏಟು. ಮತ್ತೆ ನುಡಿಸುತ್ತಾರೆ, ಮತ್ತೆ ಹೋಲಿಸುತ್ತಾರೆ. ಇಲ್ಲಿಯೂ ಅಷ್ಟೇ. ಗಾಳಿ, ಉಷ್ಣತೆ ಹೀಗಿರಬಹುದು ಎಂದು ಮೊದಲೊಂದು ಊಹೆ ಇಡುತ್ತಾರೆ. ಭೌತಶಾಸ್ತ್ರದ ಸಮೀಕರಣಗಳು ಅದನ್ನು ಹತ್ತು ಹನ್ನೆರಡು ನಿಮಿಷ ಮುಂದಕ್ಕೆ ಓಡಿಸುತ್ತವೆ. ಆ ಹೊತ್ತಿನಲ್ಲಿ ರಾಡಾರಿಗೆ ಏನು ಕಾಣಬೇಕಿತ್ತು, ನಿಜವಾಗಿ ಏನು ಕಂಡಿತು? ಅಂತರವನ್ನು ಹಿಡಿದು ಸಮೀಕರಣಗಳನ್ನು ಕಾಲದಲ್ಲಿ ಹಿಂದಕ್ಕೆ ನಡೆಸುತ್ತಾರೆ. ಹಾಗೆ ಹಿಂದಕ್ಕೆ ನಡೆದಾಗ, ಮೊದಲ ಊಹೆಯಲ್ಲಿ ಯಾವ ಜಾಗದ ಯಾವ ಅಂಕಿಯನ್ನು ಯಾವ ಕಡೆಗೆ ತಿದ್ದಿದರೆ ಅಂತರ ಕುಗ್ಗುತ್ತದೆ ಎಂದು ತಿಳಿಯುತ್ತದೆ. ವಿದ್ವಾಂಸರ ಕಿವಿಯ ಕೆಲಸ ಅದು. ತಿದ್ದು, ಓಡಿಸು, ಹೋಲಿಸು. ಹತ್ತಾರು ಸುತ್ತುಗಳಾದ ಮೇಲೆ ಶ್ರುತಿ ಕೂಡುತ್ತದೆ.

ಕಣ್ಣಿಗೆ ಬೀಳದ ಅಡ್ಡ ಗಾಳಿ ಈ ಸುತ್ತುಗಳಲ್ಲಿ ಹೇಗೆ ಸಿಕ್ಕಿಬಿತ್ತು? ಅಡ್ಡ ಗಾಳಿ ತನ್ನ ಜೊತೆ ಮಳೆಯನ್ನೂ ಕೊಂಡೊಯ್ಯುತ್ತದೆ. ಐದು ನಿಮಿಷದಲ್ಲಿ ಮಳೆಯ ಮಚ್ಚೆ ಪಕ್ಕಕ್ಕೆ ಸರಿದಿದ್ದರೆ ಅದನ್ನು ಸರಿಸಿದವರು ಯಾರು? ತಂಪು ಹೇಗೆ ಸಿಕ್ಕಿತು? ತಂಪಿಲ್ಲದ ಊಹೆಯಲ್ಲಿ ಗಾಳಿಯ ಅಂಚು ಮುಂದೆ ಓಡುವುದೇ ಇಲ್ಲ. ನಿಜದ ರಾಡಾರಿನಲ್ಲಿ ಅದು ಓಡುತ್ತಿದೆ. ಸಮೀಕರಣಗಳಿಗೆ ತಂಪನ್ನು ಸೇರಿಸದೆ ಬೇರೆ ದಾರಿಯಿಲ್ಲ.

ಸನ್ ಮತ್ತು ಆಂಡ್ರ್ಯೂ ಕ್ರೂಕ್ 1994ರಲ್ಲಿ ಇದನ್ನು ಅಮೆರಿಕದ ಕೊಲರಾಡೋದಲ್ಲಿ ದಾಖಲಾಗಿದ್ದ ಒಂದು ನಿಜವಾದ ಗಾಳಿಯಂಚಿನ ಮೇಲೆ ಪ್ರಯೋಗಿಸಿ ಗೆದ್ದರು. ಉದ್ದನಪಲ್ಲಿಯ ಅಜ್ಜಿಯ ಕೆನ್ನೆಗೆ ತಾಕುವಂಥದೇ ತಂಪು ಅದು. ಆಮೇಲೆ ಈ ವಿಧಾನ 2000ದ ಸಿಡ್ನಿ, 2008ರ ಬೀಜಿಂಗ್ ಒಲಿಂಪಿಕ್ಸ್‌ಗಳ ಹವಾಮಾನ ಮುನ್ಸೂಚನೆಯಲ್ಲೂ ಕೆಲಸ ಮಾಡಿತು. ಮಳೆಯೇ ಇಲ್ಲದ ಒಣ ಗಾಳಿಯಂಚು ರಾಡಾರಿಗೆ ಕಾಣುವುದು ಹೇಗೆ ಎಂದು ನೀವು ಕೇಳಬಹುದು. ಹುಳುಗಳಿಂದ. ಅಂಚಿನಲ್ಲಿ ಗಾಳಿ ಒತ್ತರಿಸಿ ಮೇಲೇಳುವಾಗ ಸಾವಿರಾರು ಸಣ್ಣ ಹುಳುಗಳು ಅಲ್ಲಿ ಗುಂಪುಗೂಡುತ್ತವೆ. ಅವುಗಳ ಮೈಯಿಂದ ಮರಳಿದ ಅಲೆ ಪಟದಲ್ಲಿ ತೆಳ್ಳನೆಯ ಗೆರೆಯಾಗಿ ಮೂಡುತ್ತದೆ.

ಉಷ್ಣತೆಯನ್ನು ಇನ್ನೂ ನೇರವಾಗಿ ಅಳೆಯುವ ರಾಡಾರ್ ನಮಗೆ ಹತ್ತಿರದಲ್ಲೇ ಇದೆ. ತಿರುಪತಿಯ ಬಳಿಯ ಗಾದಂಕಿಯಲ್ಲಿ, ಉದ್ದನಪಲ್ಲಿಯಿಂದ ಸುಮಾರು 165 ಕಿ.ಮೀ. ದೂರ. ಬಯಲಿನಲ್ಲಿ 1024 ಆಂಟೆನಾಗಳು ಸಾಲಾಗಿ ಆಕಾಶ ನೋಡುತ್ತ ನಿಂತಿವೆ, 130 ಮೀಟರ್ ಉದ್ದ, ಅಷ್ಟೇ ಅಗಲ. ಈ ರಾಡಾರಿಗೆ ಮಳೆಹನಿ ಬೇಡ. ಬರಿ ಗಾಳಿಯ ಸುಳಿಗಳಿಂದಲೇ ಅದು ಮಾರ್ದನಿ ಪಡೆಯುತ್ತದೆ. ಅಲ್ಲಿ ಮಾಡಿದ ಒಂದು ಪ್ರಯೋಗ ಕೇಳಲೇ ಚೆನ್ನ. ರಾಡಾರಿನ ಅಲೆಯುದ್ದ ಸುಮಾರು 5.7 ಮೀಟರ್. ಅದರ ಅರ್ಧದಷ್ಟು ಅಲೆಯುದ್ದದ ಶಬ್ದವನ್ನು, ಅಂದರೆ ಸುಮಾರು 120 ಹರ್ಟ್ಸ್‌ನ ತಗ್ಗು ಗುಂಯ್‌ಗುಟ್ಟುವಿಕೆಯನ್ನು, ಆಕಾಶಕ್ಕೆ ಬಿಡುತ್ತಾರೆ. ಶಬ್ದದ ಏರಿಳಿತಗಳ ಸಾಲು ರೇಡಿಯೋ ಅಲೆಗೆ ಕನ್ನಡಿಯಾಗುತ್ತದೆ. ಶಬ್ದ ಎಷ್ಟು ವೇಗದಲ್ಲಿ ಮೇಲೇರುತ್ತಿದೆ ಎಂದು ರಾಡಾರ್ ಅಳೆಯುತ್ತದೆ. ಶಬ್ದದ ವೇಗ ಗಾಳಿಯ ಉಷ್ಣತೆಗೆ ಕಟ್ಟುಬಿದ್ದದ್ದು: 30 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 349 ಮೀಟರ್, ಸೊನ್ನೆ ಡಿಗ್ರಿಯಲ್ಲಿ 331. ಹೀಗೆ ವೇಗದಿಂದ ಉಷ್ಣತೆ. ಎತ್ತರದಲ್ಲಿ ಗಾಳಿ ಜೋರಾದಾಗ ಶಬ್ದವನ್ನೇ ಪಕ್ಕಕ್ಕೆ ಒಯ್ದುಬಿಡುವುದರಿಂದ ಅಳತೆಯ ಎತ್ತರಕ್ಕೆ ಮಿತಿ ಬೀಳುತ್ತದೆ.

ಹತ್ತಿರದ ರಾಡಾರ್ ಎಂದೆನಲ್ಲ, ಎಷ್ಟು ಹತ್ತಿರ? ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿ ಉದ್ದನಪಲ್ಲಿಗೆ ನೇರ ಗೆರೆಯಲ್ಲಿ ಸುಮಾರು 40 ಕಿ.ಮೀ. ಅಲ್ಲೊಂದು ರಾಡಾರ್ ಇದ್ದರೆ, ಅಷ್ಟು ದೂರದಿಂದ ಬಂದ ಅರ್ಧ ಡಿಗ್ರಿಯ ಕಿರಣ ಇಲ್ಲಿ ಅರ್ಧ ಕಿ.ಮೀ. ಎತ್ತರದಲ್ಲಿರುತ್ತದೆ, ಅದರ ಅಗಲ 700 ಮೀಟರ್. ತಣ್ಣನೆಯ ಪದರದ ನಟ್ಟನಡುವೆಯೇ ಹಾದುಹೋಗುತ್ತದೆ. ಗುಡುಗುಮೋಡ ಹೊಸೂರಿನ ಮೇಲೆ ಒಡೆದರೆ, ಅಲ್ಲಿಂದ ಇಲ್ಲಿಗೆ ನೇರ ದೂರ ಸುಮಾರು 18 ಕಿ.ಮೀ.; ಗಾಳಿಯಂಚು ಬರಲು ಇಪ್ಪತ್ತನಾಲ್ಕು ಇಪ್ಪತ್ತೈದು ನಿಮಿಷ. ಅಷ್ಟು ಹೊತ್ತಿನ ಮುನ್ಸೂಚನೆ ಸಿಕ್ಕರೆ ಎಕರೆ ಪಾಲಿಹೌಸಿನ ಪರದೆಯನ್ನು ಇಬ್ಬರು ಇಳಿಸಿ ಮುಗಿಸಬಹುದು. ಆ ಇಪ್ಪತ್ತನಾಲ್ಕು ನಿಮಿಷಕ್ಕಾಗಿಯೇ ಈ ಗಣಿತವೆಲ್ಲ ಬೇಕು ಎನ್ನುತ್ತೇನೆ.

ರಾಡಾರ್ ಇಲ್ಲದೆಯೂ ಈ ಲೆಕ್ಕದ ಒಂದು ತುಣುಕನ್ನು ನೀವೇ ಮಾಡಿ ನೋಡಬಹುದು. ಪಾಲಿಹೌಸಿನ ಹೊರಗೆ ನೆರಳಿನಲ್ಲಿ ಒಂದು ಉಷ್ಣಮಾಪಕ ತೂಗುಹಾಕಿ. ಹೊಸೂರಿನಲ್ಲಿರುವ ಪರಿಚಯದವರಿಗೆ ಫೋನ್ ಮಾಡಿ.

"ಅಣ್ಣಾ, ಅಲ್ಲಿ ಗಾಳಿ ಶುರುವಾಯ್ತಾ?"

"ಈಗ ತಾನೇ ಬಂತು ಕಣಪ್ಪಾ. ತಣ್ಣಗಿದೆ. ಮಳೆ ಇನ್ನೂ ಇಲ್ಲ."

ಗಡಿಯಾರ ನೋಡಿ ಬರೆದುಕೊಳ್ಳಿ. ನಿಮ್ಮಲ್ಲಿಗೆ ಆ ಗಾಳಿ 25 ನಿಮಿಷಕ್ಕೆ ಬಂತು, ಉಷ್ಣತೆ ಆರು ಡಿಗ್ರಿ ಇಳಿಯಿತು ಅನ್ನಿ. 18 ಕಿ.ಮೀ.ಗೆ 25 ನಿಮಿಷ ಎಂದರೆ ಸೆಕೆಂಡಿಗೆ 12 ಮೀಟರ್. 12ರ ವರ್ಗ 144. ಅದನ್ನು 300ರಿಂದ ಗುಣಿಸಿ (ಗಾಳಿಯ ಉಷ್ಣತೆ ಕೆಲ್ವಿನ್ ಮಾಪನದಲ್ಲಿ ಸರಿಸುಮಾರು ಅಷ್ಟು), ಗುರುತ್ವದ 9.8ರಿಂದಲೂ ಇಳಿದ ಆರು ಡಿಗ್ರಿಯಿಂದಲೂ ಭಾಗಿಸಿ. ಸುಮಾರು 735 ಮೀಟರ್ ಬರುತ್ತದೆ. ಎದುರು ಗಾಳಿಯಿದ್ದರೆ, ನೆಲದ ತಗ್ಗುದಿಣ್ಣೆ ಅಡ್ಡ ಬಂದರೆ ನೂರಿನ್ನೂರು ಮೀಟರ್ ಆಚೀಚೆ ಆಗಬಹುದು. ನಿಮ್ಮ ಅಂಗಳದಲ್ಲಿ ಈಗ ಟಾರ್ಪಾಲನ್ನು ಪಟಪಟನೆ ಬಡಿಯುತ್ತಿರುವ ಆ ತಣ್ಣನೆಯ ಗಾಳಿಯ ಪದರ, ತಲೆಯ ಮೇಲೆ ಮುಕ್ಕಾಲು ಕಿಲೋಮೀಟರಿನಷ್ಟು ದಪ್ಪವಿದೆ.